ಚೀನಾ ಅರಮನೆಯ ಡ್ರ್ಯಾಗನ್ ನಿಲುವಂಗಿ

1644ರಿಂದ 1912ರವರೆಗೆ ಚೀನಾವನ್ನು ಆಳಿದ ಚಿಂಗ್ ರಾಜವಂಶದ ಆಸ್ಥಾನದಲ್ಲಿ ಹಬ್ಬ, ಹುಟ್ಟುಹಬ್ಬ, ಔತಣಗಳಿಗೆ ತೊಡುತ್ತಿದ್ದ ಕಸೂತಿ ರೇಷ್ಮೆಯ ಉಡುಪೇ ಡ್ರ್ಯಾಗನ್ ನಿಲುವಂಗಿ. ಅದರ ಬಣ್ಣ ಯಾವುದು, ಡ್ರ್ಯಾಗನ್‌ಗಳು ಎಷ್ಟು, ಒಂದೊಂದು ಪಾದಕ್ಕೆ ಉಗುರುಗಳೆಷ್ಟು ಎಂಬುದೆಲ್ಲ ತೊಡುವವನ ಅಂತಸ್ತಿಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತಿತ್ತು. ಬಟ್ಟೆಯನ್ನು ಕಂಡರೆ ಸಾಕು, ತೊಟ್ಟವನ ಸ್ಥಾನ ತಿಳಿಯುತ್ತಿತ್ತು.

ಚೀನಾದ ರೇಷ್ಮೆ ಕಸೂತಿ ಈ ಅರಸುಮನೆತನಕ್ಕಿಂತ ಬಹಳ ಹಳೆಯದು. ಹುಬೈ ಪ್ರಾಂತ್ಯದ ಮಾಶಾನ್‌ನಲ್ಲಿ 1982ರಲ್ಲಿ ಅಗೆದ ಸಮಾಧಿಯೊಂದರಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ರೇಷ್ಮೆ ಉಡುಪುಗಳು ದೊರೆತವು. ಸರಪಳಿ ಹೊಲಿಗೆಯಲ್ಲಿ ಮೂಡಿಸಿದ ಡ್ರ್ಯಾಗನ್, ಫೀನಿಕ್ಸ್ ಹಕ್ಕಿ ಮತ್ತು ಹುಲಿಗಳು ಅವುಗಳ ಮೇಲೆ ಇನ್ನೂ ಉಳಿದಿದ್ದವು. ಈ ಪರಂಪರೆಗೆ ಚಿಂಗ್ ಅರಸರು ತಮ್ಮದೇ ಹೊಲಿಗೆಯ ಮಾದರಿಯನ್ನು ಸೇರಿಸಿದರು. ಅವರು ಕುದುರೆ ಸವಾರಿಯಲ್ಲಿ ಪಳಗಿದ ಮಂಚು ಜನ. ಹಾಗಾಗಿ ನಿಲುವಂಗಿಯ ಕೆಳಭಾಗದಲ್ಲಿ ಸೀಳುಗಳಿದ್ದವು, ತೋಳಿನ ತುದಿ ಕುದುರೆಯ ಗೊರಸಿನ ಆಕಾರದಲ್ಲಿತ್ತು. 1759ರಲ್ಲಿ ಚಿಯೆನ್‌ಲುಂಗ್ ಸಾಮ್ರಾಟ ಆಸ್ಥಾನದ ಉಡುಗೆತೊಡುಗೆಯ ನಿಯಮಗಳನ್ನೆಲ್ಲ ಸಚಿತ್ರ ಗ್ರಂಥವೊಂದರಲ್ಲಿ ಕ್ರೋಡೀಕರಿಸಿದ.

ನಿಲುವಂಗಿಯ ವಿನ್ಯಾಸವೆಂದರೆ ಇಡೀ ವಿಶ್ವದ ನಕ್ಷೆ. ಅಂಚಿನಲ್ಲಿ ಓರೆಯಾದ ಬಣ್ಣಬಣ್ಣದ ಪಟ್ಟಿಗಳು ಆಳವಾದ ಸಮುದ್ರವನ್ನು ಸೂಚಿಸುತ್ತವೆ. ಅದರ ಮೇಲೆ ಸುರುಳಿ ಸುತ್ತುವ ಅಲೆಗಳು, ಅಲೆಗಳ ನಡುವಿನಿಂದ ಎದ್ದ ಪರ್ವತಗಳು, ಇನ್ನೂ ಮೇಲೆ ಮೋಡ ತುಂಬಿದ ಆಕಾಶ. ಆ ಮೋಡಗಳಲ್ಲಿ ಡ್ರ್ಯಾಗನ್‌ಗಳು ಸಂಚರಿಸುತ್ತವೆ. ಚೀನೀಯರಿಗೆ ಡ್ರ್ಯಾಗನ್ ಕೆಡುಕಿನ ಪ್ರಾಣಿಯಲ್ಲ. ಮಳೆ ತರುವ, ರಾಜ್ಯವನ್ನು ಕಾಯುವ ಶಕ್ತಿ. ಎದೆ ಮತ್ತು ಬೆನ್ನಿನ ಮೇಲೆ ಒಂದೊಂದು, ಭುಜಗಳ ಮೇಲೆ ಎರಡು, ಕೆಳಭಾಗದಲ್ಲಿ ಹಿಂದೆ ಮುಂದೆ ಸೇರಿ ನಾಲ್ಕು ಡ್ರ್ಯಾಗನ್‌ಗಳಿರುತ್ತವೆ. ಒಂಬತ್ತನೆಯದು ಮುಂಭಾಗದ ಮಡಿಕೆಯ ಒಳಗೆ ಅಡಗಿರುತ್ತದೆ. ಒಂದೇ ಕಡೆಯಿಂದ ನೋಡಿದಾಗ ಕಾಣುವುದು ಐದು. ಒಂಬತ್ತು ಮತ್ತು ಐದು ಸಾಮ್ರಾಟನ ಸ್ಥಾನಕ್ಕೆ ತಳುಕು ಹಾಕಿಕೊಂಡ ಸಂಖ್ಯೆಗಳು.

ಉಜ್ವಲ ಹಳದಿ ಬಣ್ಣ ಸಾಮ್ರಾಟನದು. ಹನ್ನೆರಡು ಚಿಹ್ನೆಗಳನ್ನು ಧರಿಸುವ ಹಕ್ಕೂ ನಿಯಮದ ಪ್ರಕಾರ ಅವನದೇ. ಎಡಭುಜದಲ್ಲಿ ಸೂರ್ಯ, ಅದರೊಳಗೊಂದು ಹಕ್ಕಿ. ಬಲಭುಜದಲ್ಲಿ ಚಂದ್ರ, ನಮ್ಮಲ್ಲಿರುವಂತೆ ಚೀನೀಯರ ಚಂದ್ರನಲ್ಲೂ ಮೊಲವಿದೆ, ಅದು ಅಮರತ್ವದ ಔಷಧಿಯನ್ನು ಒರಳಿನಲ್ಲಿ ಕುಟ್ಟುತ್ತಿರುತ್ತದೆ. ನಕ್ಷತ್ರಪುಂಜ, ಸ್ಥೈರ್ಯ ಸಾರುವ ಪರ್ವತ, ಡ್ರ್ಯಾಗನ್ ಮತ್ತು ಬಣ್ಣದ ಕಾಡುಕೋಳಿ ಇನ್ನುಳಿದವುಗಳಲ್ಲಿ ಕೆಲವು. ಜೋಡಿ ಪೂಜಾಪಾತ್ರೆ ಪೂರ್ವಜರ ಮೇಲಿನ ಭಕ್ತಿಯನ್ನು, ನೀರಿನ ಜೊಂಡು ಶುದ್ಧಿಯನ್ನು, ಧಾನ್ಯ ಪ್ರಜೆಗಳ ಪೋಷಣೆಯನ್ನು ಸೂಚಿಸುತ್ತವೆ. ಬೆಂಕಿ ತೇಜಸ್ಸಿನ ಗುರುತು, ಕೊಡಲಿ ದಂಡಿಸುವ ಅಧಿಕಾರದ ಗುರುತು. ಕೊನೆಯದಾದ ‘ಫು’ ಚಿಹ್ನೆ ಒಳಿತು ಕೆಡುಕುಗಳನ್ನು ಬೇರ್ಪಡಿಸುವ ವಿವೇಕವನ್ನು ಹೇಳುತ್ತದೆ.

ಇವುಗಳ ನಡುವೆ ಶುಭಚಿಹ್ನೆಗಳೂ ತುಂಬಿರುತ್ತವೆ. ಚೀನೀ ಭಾಷೆಯಲ್ಲಿ ಬಾವಲಿ ಮತ್ತು ಭಾಗ್ಯ ಎಂಬ ಪದಗಳ ಉಚ್ಚಾರ ಒಂದೇ. ಆದ್ದರಿಂದ ಕೆಂಪು ಬಾವಲಿಗಳು ಮೋಡಗಳಲ್ಲಿ ಹಾರಾಡುತ್ತವೆ. ಶಂಖ, ಚಕ್ರ, ಛತ್ರ, ಪದ್ಮ, ಜೋಡಿಮೀನುಗಳು ಬೌದ್ಧಧರ್ಮದ ಜೊತೆ ಭಾರತದಿಂದ ಹೋದ ಅಷ್ಟಮಂಗಲಗಳಲ್ಲಿ ಕೆಲವು.

ಅಧಿಕಾರಿಗಳು ನಿಲುವಂಗಿಯ ಮೇಲೆ ಗಾಢವರ್ಣದ ಹೊರಕೋಟು ತೊಟ್ಟು, ಅದರ ಎದೆಗೂ ಬೆನ್ನಿಗೂ ಚೌಕಾಕಾರದ ಕಸೂತಿ ಫಲಕ ಹೊಲಿಸುತ್ತಿದ್ದರು. ಫಲಕದ ಈ ಪದ್ಧತಿ ಚಿಂಗ್‌ಗೆ ಹಿಂದಿನ ಮಿಂಗ್ ಅರಸರ ಕಾಲದಲ್ಲಿ, 1391ರಲ್ಲಿ ನಿಯಮವಾಯಿತು. ಆಡಳಿತಾಧಿಕಾರಿಗಳಿಗೆ ಹಕ್ಕಿಗಳು, ಸೇನಾಧಿಕಾರಿಗಳಿಗೆ ಮೃಗಗಳು. ಚಿಂಗ್ ಆಡಳಿತದಲ್ಲಿ ಮೊದಲ ದರ್ಜೆಗೆ ಕೊಕ್ಕರೆಯನ್ನು ಹೋಲುವ ಕ್ರೇನ್, ಮೂರನೆಯದಕ್ಕೆ ನವಿಲು. ಸೇನೆಯಲ್ಲಿ ಎರಡನೆಯ ದರ್ಜೆಗೆ ಸಿಂಹ, ನಾಲ್ಕನೆಯದಕ್ಕೆ ಹುಲಿ.

ಅರಮನೆಯ ರೇಷ್ಮೆ ಸುಜೌ, ಹಾಂಗ್‌ಜೌ, ನಾನ್‌ಜಿಂಗ್ ನಗರಗಳ ರಾಜ ಕಾರ್ಯಾಗಾರಗಳಿಂದ ಬರುತ್ತಿತ್ತು. ಬಟ್ಟೆಯನ್ನು ಕತ್ತರಿಸುವ ಮೊದಲೇ ಚೌಕಟ್ಟಿಗೆ ಬಿಗಿದು, ಚಿತ್ರ ಬರೆದು, ಕಸೂತಿ ಮುಗಿಸುತ್ತಿದ್ದರು. ಚಿನ್ನದ ದಾರದ ಕೆಲಸ ಎಲ್ಲಕ್ಕಿಂತ ನಾಜೂಕು. ಕಾಗದಕ್ಕೆ ಚಿನ್ನದ ರೇಕು ಅಂಟಿಸಿ, ಸಣ್ಣ ಎಳೆಗಳಾಗಿ ಕತ್ತರಿಸಿ, ರೇಷ್ಮೆ ನೂಲಿಗೆ ಸುತ್ತಿದರೆ ಆ ದಾರ ಸಿದ್ಧ. ಬಟ್ಟೆಯೊಳಗೆ ತೂರಿಸಿದರೆ ಅದು ಹಾಳಾಗುತ್ತದೆ. ಹಾಗಾಗಿ ಮೇಲ್ಮೈಯಲ್ಲೇ ಹಾಸಿ, ನವಿರಾದ ರೇಷ್ಮೆ ಎಳೆಯಿಂದ ಅಲ್ಲಲ್ಲಿ ಟಾಕು ಹಾಕುತ್ತಿದ್ದರು. ಟಾಕಿನ ದಾರ ಕೆಂಪಾದರೆ ಚಿನ್ನ ಕೆಂಪೇರಿ ಕಾಣುತ್ತದೆ. ಡ್ರ್ಯಾಗನ್‌ನ ಚಿಪ್ಪುಗಳಿಗೆ ಜೀವ ಬಂದದ್ದು ಇಂಥ ಕೌಶಲದಿಂದ. ಇದನ್ನು ಮಾಡಿದ ಕೈಗಳ ಹೆಸರು ಮಾತ್ರ ನಿಲುವಂಗಿಯ ಮೇಲೆ ಎಲ್ಲೂ ಇಲ್ಲ.

ರಾಜಪ್ರಭುತ್ವ ಅಳಿದ ಮೇಲೆ ಅನೇಕ ನಿಲುವಂಗಿಗಳು ಮಾರಾಟವಾಗಿ ದೇಶದೇಶಗಳಿಗೆ ಚದುರಿದವು. ಇಂದು ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳಲ್ಲಿ ಅವನ್ನು ಕಾಣಬಹುದು. ನೋಡುವವರು ಉಗುರುಗಳನ್ನಷ್ಟೇ ಎಣಿಸಿ ಇದು ಸಾಮ್ರಾಟನದು ಎಂಬ ತೀರ್ಮಾನಕ್ಕೆ ಬರಬಾರದು. ನಿಯಮಗಳು ಸಡಿಲವಾದ 19ನೇ ಶತಮಾನದಲ್ಲಿ ಮೇಲಿನ ಅಂತಸ್ತಿಗೆ ಮೀಸಲಾಗಿದ್ದ ಐದು ಉಗುರಿನ ಡ್ರ್ಯಾಗನ್ ಕೆಳದರ್ಜೆಯವರ ಮೈಮೇಲೂ ಕಾಣಿಸಿಕೊಂಡಿತು. ಹಳದಿ ಬಣ್ಣ ಮತ್ತು ಹನ್ನೆರಡು ಚಿಹ್ನೆಗಳು ಒಟ್ಟಿಗೆ ಇವೆಯೇ ಎಂದು ನೋಡುವುದೇ ಹೆಚ್ಚು ಭರವಸೆಯ ದಾರಿ.