ನಿಮಗಿದು ಗೊತ್ತೆ? ಸಾವಿರ ಆಂಟೆನಾ, ಲಕ್ಷಗಟ್ಟಲೆ ಜೋಡಿ

ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ 1,000 ಆಂಟೆನಾಗಳ ದೂರದರ್ಶಕವೊಂದನ್ನು ಕಟ್ಟಲಾಯಿತು. ಪೂರ್ವ-ಪಶ್ಚಿಮದ ತೋಳು 1.4 ಕಿ.ಮೀ. ಉದ್ದ, ಅದರಲ್ಲಿ 640 ಆಂಟೆನಾ. ದಕ್ಷಿಣದ ತೋಳು 450 ಮೀಟರ್, ಅದರಲ್ಲಿ 360. ಎರಡೂ ತೋಳುಗಳ ಸಂಕೇತಗಳನ್ನು ಕೂಡಿಸದೆ ಗುಣಿಸುವ ವಿನ್ಯಾಸ ಇದರದು. ಸೊಗಸಿರುವುದೇ ಇಲ್ಲಿ. ಒಂದೊಂದು ತೋಳಿನಿಂದ ಒಂದೊಂದು ಆಂಟೆನಾ ಆರಿಸಿದರೆ 640 × 360, ಅಂದರೆ 2,30,400 ಜೋಡಿಗಳು ಸಿಗುತ್ತವೆ! ಹಾಗಾಗಿ ಬಯಲು ತುಂಬಾ ಆಂಟೆನಾ ನೆಡದೆಯೇ ಆಕಾಶದ ಸೂಕ್ಷ್ಮ ವಿವರ ಕಾಣುತ್ತದೆ.

ಈ ದೂರದರ್ಶಕವನ್ನು ಕಟ್ಟಿದ್ದು 34.5 ಮೆಗಾಹರ್ಟ್ಸ್ ರೇಡಿಯೊ ಅಲೆಗಳನ್ನು ಆಲಿಸಲು. ಬೆಳಕಿನ ವೇಗವನ್ನು ಸೆಕೆಂಡಿಗೆ ದಶಲಕ್ಷ ಮೀಟರ್‌ಗಳಲ್ಲಿ ಹೇಳಿದರೆ 300; ಅದನ್ನು 34.5ರಿಂದ ಭಾಗಿಸಿ ನೋಡಿ: ಸುಮಾರು 8.7. ಒಂದು ಅಲೆಯ ಉದ್ದ ಅಷ್ಟು ಮೀಟರ್.

ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಹುಳು ಸಾಕುವ ಮನೆಗಳಲ್ಲೂ ಗುಣಿಸುತ್ತ ದೊಡ್ಡದಾಗುವ ಇಂಥದೇ ಒಂದು ಲೆಕ್ಕವಿದೆ. ಮೊಟ್ಟೆಯೊಡೆದು ಬಂದ ಹುಳು ಅರ್ಧ ಮಿಲಿಗ್ರಾಂ ಕೂಡ ತೂಗದು. ಹಿಪ್ಪುನೇರಳೆ ಸೊಪ್ಪು ತಿನ್ನುತ್ತ, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಸುಮಾರು 25 ದಿನಗಳಲ್ಲಿ ಅದು ಹತ್ತು ಸಾವಿರ ಪಟ್ಟು ತೂಕವಾಗುತ್ತದೆ. 1, 2, 4, 8 ಎಂದು ದುಪ್ಪಟ್ಟು ಮಾಡುತ್ತ ಹೋದರೆ 13ನೇ ಸಲಕ್ಕೆ 8,192, ಮುಂದಿನ ಸಲಕ್ಕೆ 16,384. ಎಂದರೆ ಹುಳುವಿನ ತೂಕ ಸರಾಸರಿ ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹಣ್ಣಾದ, ಅಂದರೆ ಪೂರ್ತಿ ಬೆಳೆದ ಹುಳು ಆಮೇಲೆ ಗೂಡು ಕಟ್ಟಲೆಂದು ಇಟ್ಟ ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ. ಒಂದು ಒಳ್ಳೆಯ ಗೂಡಿನ ಎಳೆ ಬಿಚ್ಚಿದರೆ ಒಂದು ಕಿ.ಮೀ.ವರೆಗೂ ಬರುವುದುಂಟು.