ಬಜರ್ ಬಾಯಿಗೆ ಬಟ್ಟೆ ತುರುಕಿದ್ದೇಕೆ?

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್ ಓದಿದ ನಾವೆಲ್ಲ ಕೆಲಸಕ್ಕೆ ಸೇರಿದ ಮೊದಲ ವಾರವೇ ದೊಡ್ಡ ಪಿಎಲ್‌ಸಿ ಪ್ರೋಗ್ರಾಂ ಬರೆಯುತ್ತೇವೆ ಅಂದುಕೊಂಡಿರುತ್ತೇವೆ. ಹಾಗೇನೂ ಆಗುವುದಿಲ್ಲ. ಟ್ರೈನಿ ಎಂದು ಸೇರಿದವರ ಕೈಗೆ ಸಾಮಾನ್ಯವಾಗಿ ಬರುವುದು ಬೇರೆಯವರಿಗೆ ಬೇಡವಾದ ಕೆಲಸ. ನನಗೆ ಸಿಕ್ಕಿದ್ದು ಅಂಥದ್ದೇ ಒಂದು: ಆಪರೇಟರ್ ಪ್ಯಾನೆಲ್‌ನ ಅಲಾರಂ ಸೆಟ್ಟಿಂಗ್ ಸರಿ ಮಾಡುವುದು. ಡಿಪ್ಲೊಮಾದಲ್ಲಿ ಇದರ ಬಗ್ಗೆ ಓದಿದ್ದು ಅರ್ಧ ಪುಟ, ಪರೀಕ್ಷೆಗೆ ಎರಡು ಅಂಕ. ಆದರೆ ಒಂದೂವರೆ ವರ್ಷದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಈ ಅರ್ಧ ಪುಟದಿಂದಲೇ ಬಂತು.

ನಾನಿರುವುದು ಒಂದು ಹಾಲಿನ ಡೇರಿಯಲ್ಲಿ. ಹಳ್ಳಿಗಳಿಂದ ಬಂದ ಹಾಲು ದೊಡ್ಡ ಸೈಲೋ ಸೇರುತ್ತದೆ. ಅಲ್ಲಿಂದ ಬ್ಯಾಲೆನ್ಸ್ ಟ್ಯಾಂಕ್ ಎಂಬ ಸಣ್ಣ ತೊಟ್ಟಿಗೆ ಬಂದು, ಪಾಶ್ಚರೈಸರ್‌ನಲ್ಲಿ ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ಗೆ ಕಾದು, 15 ಸೆಕೆಂಡ್ ಅದೇ ಬಿಸಿಯಲ್ಲಿದ್ದು, ಮತ್ತೆ 4 ಡಿಗ್ರಿ ಆಸುಪಾಸಿಗೆ ತಣ್ಣಗಾಗುತ್ತದೆ. ಬಿಸಿ ಸಾಲದಿದ್ದರೆ ಡೈವರ್ಷನ್ ವಾಲ್ವ್ ತಾನಾಗಿಯೇ ತಿರುಗಿ ಹಾಲನ್ನು ವಾಪಸ್ ಬ್ಯಾಲೆನ್ಸ್ ಟ್ಯಾಂಕಿಗೆ ಕಳಿಸುತ್ತದೆ. ಇದೆಲ್ಲವನ್ನೂ ಆಪರೇಟರ್ ನೋಡುವುದು ಏಳಿಂಚಿನ ಟಚ್‌ಸ್ಕ್ರೀನ್‌ನಲ್ಲಿ. ಅದನ್ನೇ ಎಚ್‌ಎಂಐ ಎನ್ನುತ್ತಾರೆ. ಏನಾದರೂ ಹೆಚ್ಚುಕಮ್ಮಿಯಾದರೆ ಅದರಲ್ಲಿ ಕೆಂಪು ಸಾಲು ಮೂಡುತ್ತದೆ, ಪಕ್ಕದ ಬಜರ್ ಕೂಗುತ್ತದೆ.

ನಮ್ಮಲ್ಲಿ ಬಜರ್ ಕೂಗುತ್ತಿರಲಿಲ್ಲ. ಯಾರೋ ಅದರೊಳಗೆ ವೇಸ್ಟ್ ಬಟ್ಟೆ ತುರುಕಿದ್ದರು. ಏಕೆಂದು ಕೇಳಿದ್ದಕ್ಕೆ ಹಿರಿಯ ಆಪರೇಟರ್ ಹೇಳಿದ್ದು ಇಷ್ಟೇ: ‘ಅದು ಸುಮ್ಸುಮ್ನೆ ಬಡ್ಕೊಳ್ತದೆ ಕಣವ್ವ. ಒಂದಿನ ಎಂಟ್ ಗಂಟೆ ಅದರ ಪಕ್ಕ ನಿಂತ್ಕೊಂಡು ನೋಡು, ಆಮೇಲೆ ನೀನೇ ಬಟ್ಟೆ ತಂದ್ಕೊಡ್ತೀಯ.’

ಮೆಮೊ ಬಂತು

ನಾನು ಸೇರಿದ ಮೂರನೇ ತಿಂಗಳಲ್ಲಿ ಒಂದು ರಾತ್ರಿ ತಣ್ಣೀರಿನ ಲೈನ್‌ನಲ್ಲಿ ತೊಂದರೆಯಾಯಿತು. ಪಾಶ್ಚರೈಸರ್‌ನಿಂದ ಹೊರಬರುವ ಹಾಲು ತಣ್ಣಗಾಗದೆ ಸೈಲೋ ಸೇರಿತು. ಬೆಳಿಗ್ಗೆ ಲ್ಯಾಬ್‌ನವರು ನೋಡುವ ಹೊತ್ತಿಗೆ ಆ ಹಾಲನ್ನು ಪ್ಯಾಕಿಂಗ್‌ಗೆ ಬಿಡುವಂತಿರಲಿಲ್ಲ. ಆ ಪಾಳಿಯಲ್ಲಿದ್ದ ಅದೇ ಹಿರಿಯ ಆಪರೇಟರ್‌ಗೆ ಮೆಮೊ ಬಂತು. ‘ಅಲಾರಂ ಬಂದರೂ ಕ್ರಮ ಕೈಗೊಂಡಿಲ್ಲ’ ಎಂಬುದು ಆರೋಪ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸರ್ವಿಸ್ ಆದ ಮನುಷ್ಯ, ಮಗಳ ಮದುವೆಗೆ ಸಾಲ ಮಾಡಿಕೊಂಡಿದ್ದರು. ಉತ್ತರ ಬರೆಯಲು ಏಳು ದಿನ ಗಡುವು.

ಶಿಫ್ಟ್ ಇನ್‌ಚಾರ್ಜ್ ನನ್ನನ್ನು ಕರೆದು, ಪ್ಯಾನೆಲ್‌ನ ಅಲಾರಂ ಹಿಸ್ಟರಿಯನ್ನು ಪೆನ್‌ಡ್ರೈವ್‌ಗೆ ತೆಗೆದುಕೊಡಲು ಹೇಳಿದರು. ಫೈಲ್ ತೆರೆದಾಗ ಮೊದಲು ಕಂಡದ್ದು ಪ್ಯಾನೆಲ್‌ನ ಗಡಿಯಾರ 11 ನಿಮಿಷ ಹಿಂದಿದೆ ಎಂಬುದು. ಲಾಗ್‌ಬುಕ್‌ನ ಸಮಯದ ಜತೆ ಹೊಂದಿಸಿಕೊಂಡು ಓದುತ್ತಾ ಹೋದೆ. ರಾತ್ರಿ ಎರಡರಿಂದ ಮೂರು ಗಂಟೆಯೊಳಗೆ ಸುಮಾರು 180 ಸಾಲು. ಎಲ್ಲವೂ ಒಂದೇ: ‘ಬ್ಯಾಲೆನ್ಸ್ ಟ್ಯಾಂಕ್ ಲೆವೆಲ್ ಲೋ’. ಬಂತು, ಹೋಯಿತು, ಬಂತು, ಹೋಯಿತು. ಅವುಗಳ ನಡುವೆ ಒಂದೇ ಒಂದು ಸಾಲು ‘ಮಿಲ್ಕ್ ಔಟ್‌ಲೆಟ್ ಟೆಂಪ್ ಹೈ’.

ಪ್ಯಾನೆಲ್‌ನ ಮುಖ್ಯ ಪುಟದಲ್ಲಿ ಕಾಣುತ್ತಿದ್ದುದು ಹೊಸದಾಗಿ ಬಂದ ನಾಲ್ಕು ಅಲಾರಂ ಮಾತ್ರ. ನಿಮಿಷಕ್ಕೆ ಮೂರರಂತೆ ಬರುತ್ತಿದ್ದರೆ, ಆ ಒಂದು ಸಾಲು ಒಂದೂವರೆ ನಿಮಿಷದೊಳಗೆ ಪರದೆಯಿಂದ ಕೆಳಗೆ ಜಾರಿಹೋಗುತ್ತದೆ. ಎಲ್ಲವೂ ಒಂದೇ ಕೆಂಪು ಬಣ್ಣ, ಎಲ್ಲಕ್ಕೂ ಒಂದೇ ಆದ್ಯತೆ. ಯಂತ್ರ ಹಾಕಿಕೊಟ್ಟವರು ಡಿಫಾಲ್ಟ್ ಸೆಟ್ಟಿಂಗ್ ಮುಟ್ಟಿಯೇ ಇರಲಿಲ್ಲ. ಆ ಪುಟಗಳನ್ನು ಪ್ರಿಂಟ್ ಹಾಕಿ ಮೆಮೊದ ಉತ್ತರಕ್ಕೆ ಲಗತ್ತಿಸಿದರು. ಮೆಮೊ ವಾಪಸ್ ಆಗಲಿಲ್ಲ, ಆದರೆ ವಿಷಯ ಎಚ್ಚರಿಕೆಯ ಪತ್ರಕ್ಕೆ ಮುಗಿಯಿತು. ಸಂಬಳಕ್ಕೆ ಕತ್ತರಿ ಬೀಳಲಿಲ್ಲ. ಅಲಾರಂ ಪಟ್ಟಿ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಆಮೇಲೆ.

275 ಅಲಾರಂ, ಇಬ್ಬರು ಆಪರೇಟರ್

ಇದು ಸಣ್ಣ ಡೇರಿಯ ಸಮಸ್ಯೆ ಮಾತ್ರ ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಇದಕ್ಕೆ ಜಗತ್ತಿನ ದೊಡ್ಡ ದೊಡ್ಡ ಅವಘಡಗಳ ಇತಿಹಾಸವೇ ಇದೆ ಎಂದು ಗೊತ್ತಾಯಿತು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ, ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಕೂಗಿದವು. ಯಾವುದು ಮುಖ್ಯ ಎಂದು ಅವು ಹೇಳುತ್ತಿರಲಿಲ್ಲ.

1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಾಕೊ ತೈಲ ಸಂಸ್ಕರಣಾ ಘಟಕದಲ್ಲಿ ಸ್ಫೋಟವಾಗಿ 26 ಜನ ಗಾಯಗೊಂಡರು. ಸ್ಫೋಟಕ್ಕೆ ಮುಂಚಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು ಎಂದು ತನಿಖಾ ವರದಿ ಹೇಳಿತು. ಅಂದರೆ ಎರಡೂವರೆ ಸೆಕೆಂಡಿಗೆ ಒಂದರಂತೆ. ಓದುವುದಕ್ಕೂ ಸಮಯ ಸಾಲದು, ಇನ್ನು ಯೋಚಿಸುವುದೆಲ್ಲಿ?

ಇಂಥ ಪಾಠಗಳಿಂದಲೇ ನಿಯಮಗಳು ಹುಟ್ಟಿದವು. 1999ರಲ್ಲಿ ಬ್ರಿಟನ್ನಿನಲ್ಲಿ ‘ಇಇಎಂಯುಎ 191’ ಎಂಬ ಮಾರ್ಗದರ್ಶಿ ಬಂತು. 2009ರಲ್ಲಿ ಅಮೆರಿಕದ ‘ಐಎಸ್‌ಎ 18.2’, 2014ರಲ್ಲಿ ಅಂತರರಾಷ್ಟ್ರೀಯ ಮಾನದಂಡ ‘ಐಇಸಿ 62682’ ಬಂದವು. ಇಇಎಂಯುಎ ಪ್ರಕಾರ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಬ್ಬ ಆಪರೇಟರ್‌ಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು. ಅಲಾರಂಗಳಲ್ಲಿ ತೀರಾ ತುರ್ತಿನವು ಶೇ 5ರಷ್ಟು, ಮಧ್ಯಮ ಶೇ 15, ಉಳಿದ ಶೇ 80 ಸಾಮಾನ್ಯ ದರ್ಜೆಯವಾಗಿರಬೇಕು. ನಮ್ಮಲ್ಲಿ ಶೇ 100 ತುರ್ತು!

ಒಂದೊಂದೇ ಸಾಲಿಗೆ ಒಂದು ಪ್ರಶ್ನೆ

ಪ್ಯಾನೆಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಅಲಾರಂ ಇದ್ದವು. ಎಲ್ಲವನ್ನೂ ಎಕ್ಸೆಲ್ ಶೀಟ್‌ಗೆ ಇಳಿಸಿಕೊಂಡು ಆಪರೇಟರ್‌ಗಳ ಬಳಿ ಕೂತೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ‘ಅಣ್ಣ, ಇದು ಬಂದರೆ ನೀವು ಏನು ಮಾಡ್ತೀರಿ?’ ‘ಏನೂ ಮಾಡಲ್ಲ’ ಎಂಬ ಉತ್ತರ ಬಂದರೆ ಅದು ಅಲಾರಂ ಆಗಬೇಕಿಲ್ಲ. ‘ಪಂಪ್ ಆನ್ ಆಯಿತು’, ‘ವಾಲ್ವ್ ತೆರೆಯಿತು’ ಎಂಬುದೆಲ್ಲ ಕೆಂಪು ಸಾಲಾಗಿ ಬರುತ್ತಿತ್ತು. ಅವನ್ನೆಲ್ಲ ಮಾಹಿತಿ ಪಟ್ಟಿಗೆ ಸಾಗಿಸಿದೆವು. ದಾಖಲಾಗುತ್ತದೆ, ಕೂಗುವುದಿಲ್ಲ.

ಮುಂದಿನದು ಬ್ಯಾಲೆನ್ಸ್ ಟ್ಯಾಂಕ್. ಅದರ ಮಟ್ಟ ಶೇ 30ಕ್ಕಿಂತ ಇಳಿದರೆ ಅಲಾರಂ. ಹಾಲು ಬೀಳುವಾಗ ಅಲೆ ಏಳುತ್ತದೆ, ಮಟ್ಟ 29.5, 30.2, 29.8 ಎಂದು ಕುಣಿಯುತ್ತಲೇ ಇರುತ್ತದೆ. ಒಂದೊಂದು ಕುಣಿತಕ್ಕೂ ಒಂದೊಂದು ಅಲಾರಂ. ಇದಕ್ಕೆ ಮದ್ದು ಡೆಡ್‌ಬ್ಯಾಂಡ್. 30ಕ್ಕೆ ಅಲಾರಂ ಬಂದರೆ, ಮಟ್ಟ 34 ದಾಟುವ ತನಕ ಅದು ಹೋಗಬಾರದು ಎಂದು ಹೇಳುವುದು. ಹೋಗದೆ ಮತ್ತೆ ಬರುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮದ್ದು ಡಿಲೇ. ಮಟ್ಟ 30ಕ್ಕಿಂತ ಕೆಳಗೆ ಸತತ 10 ಸೆಕೆಂಡ್ ಇದ್ದರೆ ಮಾತ್ರ ಕೂಗು. ಇಲ್ಲಿ ಮನಸ್ಸಿಗೆ ಬಂದ ಸಂಖ್ಯೆ ಹಾಕುವಂತಿಲ್ಲ, ಲೆಕ್ಕ ಹಾಕಬೇಕು. ನಮ್ಮ ಟ್ಯಾಂಕ್ 300 ಲೀಟರಿನದು, ಶೇ 30 ಎಂದರೆ 90 ಲೀಟರ್. ಪಾಶ್ಚರೈಸರ್ ಗಂಟೆಗೆ 5,000 ಲೀಟರ್ ಎಳೆಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 1.4 ಲೀಟರ್. ಸೈಲೋದಿಂದ ಹಾಲು ಪೂರ್ತಿ ನಿಂತರೆ ಆ 90 ಲೀಟರ್ ಖಾಲಿಯಾಗಲು ಸುಮಾರು 65 ಸೆಕೆಂಡ್. ಹತ್ತು ಸೆಕೆಂಡ್ ತಡ ಮಾಡಿದರೂ ಆಪರೇಟರ್‌ಗೆ 55 ಸೆಕೆಂಡ್ ಉಳಿಯುತ್ತದೆ. ವಾಲ್ವ್ ನೋಡಿ ಬರಲು ಅಷ್ಟು ಸಾಕು. ಅದೇ ಡಿಲೇ ಒಂದು ನಿಮಿಷ ಇಟ್ಟಿದ್ದರೆ ಅಲಾರಂ ಬರುವ ಹೊತ್ತಿಗೆ ಪಂಪ್ ಗಾಳಿ ಎಳೆಯುತ್ತಿರುತ್ತದೆ.

ಮೂರನೆಯದು ಸಂದರ್ಭ. ಉತ್ಪಾದನೆ ಮುಗಿದ ಮೇಲೆ ಪೈಪ್‌ಗಳೊಳಗೆ ಕಾಸ್ಟಿಕ್ ದ್ರಾವಣ, ಬಿಸಿನೀರು ಹಾಯಿಸಿ ತೊಳೆಯುತ್ತಾರೆ. ಅದು ಸಿಐಪಿ. ಆಗ ಹಾಲು ಇರುವುದಿಲ್ಲ, ಆದರೂ ‘ಹಾಲು ಬಿಸಿ’ ಎಂದು ಪ್ಯಾನೆಲ್ ಕೂಗುತ್ತಿತ್ತು. ಉತ್ಪಾದನೆ ನಡೆಯುತ್ತಿದ್ದರೆ ಮಾತ್ರ ಆ ಅಲಾರಂ ಚಾಲ್ತಿಗೆ ಬರುವಂತೆ ಒಂದು ಷರತ್ತು ಸೇರಿಸಿದೆವು.

ಆಮೇಲೆ ಆದ್ಯತೆ. ಹೊರಬರುವ ಹಾಲಿನ ಉಷ್ಣತೆ, ಡೈವರ್ಷನ್ ವಾಲ್ವ್ ತಿರುಗಿದ್ದು, ಗಾಳಿಯ ಒತ್ತಡ ಬಿದ್ದದ್ದು ಇಂಥ ಹತ್ತು ಅಲಾರಂ ಮಾತ್ರ ಕೆಂಪು, ಪರದೆಯ ಮೇಲ್ಭಾಗದಲ್ಲೇ ನಿಲ್ಲುವಂತೆ. ಕಾರಣ ಸರಿಹೋಗುವವರೆಗೂ ಅವು ಜಾರುವುದಿಲ್ಲ. ಉಳಿದವು ಹಳದಿ, ಬಿಳಿ. ಬಣ್ಣ ಗುರುತಿಸಲು ಕಷ್ಟವಿರುವವರೂ ಇರುತ್ತಾರೆ, ಹಾಗಾಗಿ ಪ್ರತಿ ಸಾಲಿನ ಮುಂದೆ 1, 2, 3 ಎಂದು ಅಂಕಿಯನ್ನೂ ಹಾಕಿದೆವು. ಎಲ್ಲವನ್ನೂ ಒಂದೇ ಏಟಿಗೆ ಒಪ್ಪಿಕೊಳ್ಳುವ ‘ಅಕ್ನಾಲೆಜ್ ಆಲ್’ ಬಟನ್ ಕೆಂಪು ಅಲಾರಂಗಳಿಗೆ ಕೆಲಸ ಮಾಡದಂತೆ ಮಾಡಿದೆವು. ಅವನ್ನು ಒಂದೊಂದಾಗಿ ಓದಿಯೇ ಒತ್ತಬೇಕು.

ಒತ್ತಕ್ಷರದ ಜಗಳ

ಪ್ಯಾನೆಲ್‌ನ ಸಂದೇಶಗಳೆಲ್ಲ ಇಂಗ್ಲಿಷಿನ ತುಂಡಕ್ಷರಗಳು. ‘ಬಿಟಿ ಎಲ್‌ಟಿ ಲೋ’, ‘ಎಫ್‌ಡಿವಿ ಎಫ್‌ಬಿ ಫೇಲ್’. ಬರೆದವನಿಗೆ ಮಾತ್ರ ಅರ್ಥವಾಗುವಂಥವು. ನಮ್ಮ ಆಪರೇಟರ್‌ಗಳಲ್ಲಿ ಹಲವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಕನ್ನಡದಲ್ಲೇ ಹಾಕೋಣ ಎಂದು ಹೊರಟೆ. ಆದರೆ ನಮ್ಮ ಹಳೆಯ ಪ್ಯಾನೆಲ್‌ನಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತವು. ‘ವಾಲ್ವ್’ ಓದಲಾಗದ ಅವತಾರ ತಾಳಿತು. ಕೊನೆಗೆ ಕೆಂಪು ಪಟ್ಟಿಯ ಹತ್ತು ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ, ಚಿತ್ರವಾಗಿಸಿ ಪ್ಯಾನೆಲ್‌ಗೆ ಹಾಕಿದೆವು. ಉಳಿದವುಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದ ಮಾತು.

ಏನಾಗಿದೆ ಎಂಬುದರ ಜತೆಗೆ ಏನು ಮಾಡಬೇಕು ಎಂಬುದೂ ಇರಬೇಕು ಎಂದು ಸೂಚಿಸಿದವರು ಆಪರೇಟರ್‌ಗಳೇ. ಈಗ ಪರದೆಯಲ್ಲಿ ಬರುವುದು ‘ಹಾಲು ತಣ್ಣಗಾಗುತ್ತಿಲ್ಲ – ತಣ್ಣೀರು ಪಂಪ್ ನೋಡಿ, ಮೇಂಟೆನೆನ್ಸ್‌ಗೆ ಫೋನ್ ಮಾಡಿ’.

ಮುಟ್ಟಬಾರದ್ದೂ ಇದೆ

ಅಲಾರಂ ಕಡಿಮೆ ಮಾಡಿ ಎಂದಾಗ ಕೆಲವರು ಸುಲಭದ ದಾರಿ ಹೇಳುತ್ತಾರೆ. 72ರ ಮಿತಿಯನ್ನು 70ಕ್ಕೆ ಇಳಿಸಿ, ಕೂಗು ನಿಲ್ಲುತ್ತದೆ ಎಂದು. ಅದು ಅಲಾರಂ ಸರಿಮಾಡುವುದಲ್ಲ, ಹಾಲು ಕುಡಿಯುವವರಿಗೆ ಮೋಸ. ಸುರಕ್ಷತೆಯ ಮಿತಿಗಳನ್ನು ಟ್ರೈನಿ ಇರಲಿ, ಮೇಲಧಿಕಾರಿಯೂ ಒಬ್ಬರೇ ಬದಲಿಸುವಂತಿರಬಾರದು. ನಾವು ಒಂದು ರಿಜಿಸ್ಟರ್ ಇಟ್ಟೆವು. ಹಳೆಯ ಬೆಲೆ, ಹೊಸ ಬೆಲೆ, ಕಾರಣ, ದಿನಾಂಕ, ಪ್ರೊಡಕ್ಷನ್ ಮತ್ತು ಕ್ವಾಲಿಟಿ ಎರಡೂ ವಿಭಾಗದವರ ಸಹಿ. ಸೆಟ್ಟಿಂಗ್ ಪುಟಕ್ಕೆ ಪಾಸ್‌ವರ್ಡ್. ಬದಲಿಸುವ ಮುನ್ನ ಹಳೆಯ ಪ್ರಾಜೆಕ್ಟ್‌ನ ಬ್ಯಾಕಪ್. ಪ್ಯಾನೆಲ್‌ನ ಗಡಿಯಾರ ಸರಿಮಾಡಿ, ಹಿಸ್ಟರಿ ತುಂಬಿ ಅಳಿಸಿಹೋಗದಂತೆ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ತೆಗೆದಿಡುವ ಪದ್ಧತಿಯೂ ಬಂತು.

ಎಲ್ಲ ಮುಗಿಯಲು ಎರಡು ತಿಂಗಳು ಹಿಡಿಯಿತು. ಈಗ ಒಂದು ಪಾಳಿಗೆ ಇಪ್ಪತ್ತರ ಆಸುಪಾಸು ಅಲಾರಂ ಬರುತ್ತವೆ. ಬಜರ್‌ನಿಂದ ಬಟ್ಟೆ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ಒಂದು ದಿನ ನೋಡಿದರೆ ಅದು ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ತಣ್ಣೀರಿನ ಪಂಪ್ ಮತ್ತೊಮ್ಮೆ ನಿಂತಾಗ ಮೂರು ನಿಮಿಷದಲ್ಲಿ ಮೇಂಟೆನೆನ್ಸ್‌ಗೆ ಫೋನ್ ಹೋಗಿತ್ತು. ಹಾಲು ಉಳಿಯಿತು, ಯಾರಿಗೂ ಮೆಮೊ ಬರಲಿಲ್ಲ.

ಓದುತ್ತಿರುವವರಿಗೆ ನಾಲ್ಕು ಮಾತು

ಡಿಪ್ಲೊಮಾ, ಐಟಿಐ, ಬಿ.ಇ. ಓದುತ್ತಿದ್ದರೆ ಇದನ್ನು ಕಲಿಯಲು ಕಾರ್ಖಾನೆಯೇ ಬೇಕೆಂದಿಲ್ಲ. ಡೆಲ್ಟಾ ಕಂಪನಿಯ ಡಿಒಪಿಸಾಫ್ಟ್ ಉಚಿತವಾಗಿ ಸಿಗುತ್ತದೆ, ಪ್ಯಾನೆಲ್ ಇಲ್ಲದೆಯೇ ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟ್ ಮಾಡಬಹುದು. ಸೀಮೆನ್ಸ್‌ನ ಟಿಐಎ ಪೋರ್ಟಲ್‌ಗೆ 21 ದಿನಗಳ ಟ್ರಯಲ್ ಇದೆ. ಮನೆಯ ಓವರ್‌ಹೆಡ್ ಟ್ಯಾಂಕನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಐದು ಅಲಾರಂ ಮಾಡಿ. ಪ್ರತಿಯೊಂದಕ್ಕೂ ಮಿತಿ, ಡೆಡ್‌ಬ್ಯಾಂಡ್, ಡಿಲೇ, ಆದ್ಯತೆ, ಸಂದೇಶ ಬರೆಯಿರಿ. ಡಿಲೇ ಅಷ್ಟೇ ಏಕೆ ಎಂಬುದಕ್ಕೆ ಲೆಕ್ಕ ತೋರಿಸಿ. ಪ್ರಾಜೆಕ್ಟ್ ಎಂದು ಸಂದರ್ಶನಕ್ಕೆ ಒಯ್ಯಲು ಅದು ಧಾರಾಳ ಸಾಕು.

ಸಂದರ್ಶನದಲ್ಲಿ ‘ಹೈ’ ಮತ್ತು ‘ಹೈ ಹೈ’ ಅಲಾರಂಗೆ ಏನು ವ್ಯತ್ಯಾಸ ಎಂದು ಕೇಳುವುದು ಸಾಮಾನ್ಯ. ಮೊದಲನೆಯದು ಎಚ್ಚರಿಕೆ, ಕೈಯಲ್ಲಿ ಇನ್ನೂ ಸಮಯವಿದೆ. ಎರಡನೆಯದು ಬಂದಾಗ ತಕ್ಷಣ ಏನಾದರೂ ಮಾಡಬೇಕು, ಬಹಳ ಕಡೆ ಯಂತ್ರವೇ ತಾನಾಗಿ ನಿಲ್ಲುತ್ತದೆ. ಇಷ್ಟು ಹೇಳಿ ಸುಮ್ಮನಾಗಬೇಡಿ. ಆ ಎರಡರ ನಡುವೆ ಆಪರೇಟರ್‌ಗೆ ಎಷ್ಟು ಸಮಯ ಸಿಗುತ್ತದೆ ಎಂದು ನೀವೇ ತಿರುಗಿ ಕೇಳಿ. ಎದುರಿಗೆ ಕೂತವರು ಶಾಪ್‌ಫ್ಲೋರ್‌ನಲ್ಲಿ ಕೆಲಸ ಮಾಡಿದವರಾಗಿದ್ದರೆ, ಮಾತುಕತೆ ಅಲ್ಲಿಂದ ಮುಂದೆ ಬೇರೆಯೇ ರೀತಿ ನಡೆಯುತ್ತದೆ.