ಎಂಜಿನಿನ ‘ಟಿಕ್ ಟಿಕ್’ ಸದ್ದು ಮತ್ತು ಸವೆದ ಗ್ಯಾಸ್ಕೆಟ್



ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಹಳೆಯ ಜೀಪೋ ಕಾರೋ ಇರುವುದು ಅಪರೂಪವಲ್ಲ. ಗೊಬ್ಬರದ ಚೀಲ, ಮೈಲುತುತ್ತು, ಪೇಟೆಗೆ ಹೊರಟ ಅಡಿಕೆ, ಶಾಲೆಗೆ ಹೊರಟ ಮಕ್ಕಳು, ಎಲ್ಲಕ್ಕೂ ಅದೊಂದೇ ವಾಹನ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ಯಂತ್ರದ್ದಲ್ಲ. ಆದರೂ ಈ ವಿಷಯ ಬರೆಯಲು ಒಂದು ಕಾರಣವಿದೆ.

ಕಳೆದ ಮಳೆಗಾಲದಲ್ಲಿ ಪರಿಚಯದ ಕೃಷಿಕರೊಬ್ಬರ ಹಳೆಯ ಪೆಟ್ರೋಲ್ ಜೀಪಿನಲ್ಲಿ ಸುಳ್ಯದಿಂದ ಸಂಪಾಜೆಯ ಕಡೆಗೆ ಹೊರಟಿದ್ದೆವು. ಮಳೆಗೆಂದು ಟರ್ಪಾಲನ್ನು ಸುತ್ತಲೂ ಬಿಗಿದಿತ್ತು. ಅರ್ಧ ಗಂಟೆಯೊಳಗೆ ಹಿಂದೆ ಕುಳಿತ ಇಬ್ಬರು ಮಕ್ಕಳೂ ತಲೆನೋವೆಂದರು, ಒಬ್ಬನಿಗೆ ವಾಂತಿಯಾಯಿತು. ‘ತಿರುವಿನ ರಸ್ತೆ, ಹಾಗಾಗುವುದೇ’ ಎಂದು ಸಮಾಧಾನ ಹೇಳಿದವನು ನಾನೇ. ಕೆಳಗಿಳಿದು ಗಾಳಿಗೆ ನಿಂತ ಮೇಲೆ ಅವರು ಚೇತರಿಸಿಕೊಂಡರು. ಮಾರನೆಯ ದಿನ ಬಾನೆಟ್ ತೆರೆದು ನೋಡಿದರೆ ಎಂಜಿನಿನ ಪಕ್ಕದಲ್ಲಿ ಒಂದು ಜೋಡಣೆಯ ಸುತ್ತ ಮಸಿ ಹಿಡಿದಿತ್ತು. ಅಲ್ಲಿನ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು.

ಪಂಪಿನ ಪೈಪುಗಳನ್ನು ಜೋಡಿಸುವಾಗ ಫ್ಲೇಂಜಿನ ನಡುವೆ ರಬ್ಬರ್ ವಾಶರ್ ಇಡುತ್ತೇವಲ್ಲವೆ? ಇಲ್ಲಿಯೂ ಅದೇ ಕೆಲಸ. ಇಂಧನ ಉರಿದು ಬಂದ ಹೊಗೆ ಮೊದಲು ಮ್ಯಾನಿಫೋಲ್ಡ್ ಎಂಬ ಕವಲು ಕೊಳವೆಗೆ ಬಂದು, ಅಲ್ಲಿಂದ ಸೈಲೆನ್ಸರಿಗೆ ಹೋಗುತ್ತದೆ. ಎಂಜಿನಿಗೂ ಮ್ಯಾನಿಫೋಲ್ಡಿಗೂ ನಡುವೆ ಒಂದು ಗ್ಯಾಸ್ಕೆಟ್. ಮ್ಯಾನಿಫೋಲ್ಡಿಗೂ ಕೆಳಗಿನ ಪೈಪಿಗೂ ನಡುವೆ ಇನ್ನೊಂದು. ಅನೇಕ ವಾಹನಗಳಲ್ಲಿ ಇದು ಉದ್ದಿನ ವಡೆಯ ಆಕಾರದ ಬಳೆ. ಹೊಗೆಯ ಬಿಸಿ ಹಲವು ನೂರು ಡಿಗ್ರಿಯಷ್ಟಿರುವುದರಿಂದ ಇಲ್ಲಿ ರಬ್ಬರ್ ನಿಲ್ಲದು. ಕಾಯುತ್ತ ತಣಿಯುತ್ತ ಲೋಹ ಹಿಗ್ಗಿ ಕುಗ್ಗುತ್ತದೆ, ಕಲ್ಲುರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲುತ್ತದೆ, ಕಾದ ಎಂಜಿನಿನೊಡನೆ ತೋಡಿನ ನೀರಿಗಿಳಿಸಿದರೆ ಬೀಡಿನ ಮ್ಯಾನಿಫೋಲ್ಡ್ ಬಿರುಕು ಬಿಡುವುದೂ ಉಂಟು.

ಈ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಮುಂದೆ ಮಂಪರು, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಡೀಸೆಲ್ ಹೊಗೆಯಲ್ಲಿ ಇದು ಕಡಿಮೆಯಾದರೂ ಆ ಹೊಗೆಯೂ ಕುಡಿಯತಕ್ಕದ್ದಲ್ಲ. ಬಾನೆಟ್ಟಿನ ಕೆಳಗೆ ಸೋರಿದ ಹೊಗೆ ಪೆಡಲಿನ ಸಂದು, ನೆಲದ ತುಕ್ಕಿನ ತೂತುಗಳಿಂದ ಒಳಗೆ ಬರುತ್ತದೆ. ಒಬ್ಬರಿಗಲ್ಲ, ಒಳಗಿದ್ದ ಹಲವರಿಗೆ ಒಟ್ಟಿಗೇ ತಲೆನೋವು ಬಂದರೆ ತಿರುವನ್ನು ದೂರದೆ ವಾಹನ ನಿಲ್ಲಿಸಿ ಎಲ್ಲರನ್ನೂ ಇಳಿಸಿರಿ. ಮಂಪರು ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಗುರುತು ಹಿಡಿಯಲು ಬೆಳಗ್ಗೆ ತಣ್ಣಗಿರುವ ಎಂಜಿನನ್ನು ಅಂಗಳದಲ್ಲಿಯೇ ಚಾಲೂ ಮಾಡಿ ಕಿವಿಗೊಡಿರಿ. ಮುಚ್ಚಿದ ಶೆಡ್ಡಿನೊಳಗೆ ಎಂದೂ ಕೂಡದು. ‘ಟಿಕ್ ಟಿಕ್’ ಎಂಬ ಸದ್ದು ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಎಂಜಿನ್ ಕಾದ ಮೇಲೆ ಕಡಿಮೆಯಾದರೆ ಗ್ಯಾಸ್ಕೆಟಿನ ಮೇಲೆ ಸಂಶಯಪಡಬೇಕು. ಕಾದ ಲೋಹ ಹಿಗ್ಗಿ ಸಂದು ಮುಚ್ಚುವುದೇ ಇದಕ್ಕೆ ಕಾರಣ. ಇದನ್ನು ಟ್ಯಾಪೆಟ್ ಸದ್ದೆಂದು ತಿಳಿದು ವ್ಯರ್ಥ ಖರ್ಚು ಮಾಡಿದವರಿದ್ದಾರೆ. ಸದ್ದು ಹೋಯಿತೆಂದು ಸುಮ್ಮನಾಗುವುದೂ ತಪ್ಪು. ಎಂಜಿನ್ ನಿಲ್ಲಿಸಿ, ಜೋಡಣೆಯ ಅಂಚಿನಲ್ಲಿ ಮಸಿಯ ಗೆರೆಯಿದೆಯೇ ನೋಡಿರಿ. ಪೆಟ್ರೋಲ್, ಎಣ್ಣೆ ಸೋರದಿರುವುದನ್ನು ಖಚಿತಮಾಡಿಕೊಂಡ ಮೇಲೆ ಮತ್ತೆ ಚಾಲೂ ಮಾಡಿ ಊದುಬತ್ತಿ ಹಿಡಿದರೆ, ಸೋರುವ ಕಡೆ ಅದರ ಹೊಗೆ ಚದರುತ್ತದೆ.

ಬದಲಿಸುವ ಹಿಂದಿನ ಸಂಜೆ, ಎಂಜಿನ್ ಪೂರ್ತಿ ತಣಿದ ಮೇಲೆ, ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಗ್ಗೆ ಬ್ಯಾಟರಿಯ ತಂತಿ ಕಳಚಿ, ನಟ್ಟುಗಳನ್ನು ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸಿ, ಹೀಗೆ ನಿಧಾನವಾಗಿ ತೆಗೆಯಿರಿ. ಬಲ ಹಾಕಿದರೆ ಸ್ಟಡ್ ತುಂಡಾದೀತು. ಮೇಲೆ ಹೇಳಿದ ಜೀಪಿನಲ್ಲಿ ನಾವು ಅವಸರಪಟ್ಟು ಒಂದನ್ನು ಮುರಿದೆವು. ಗ್ಯಾಸ್ಕೆಟಿಗಿಂತ ಆ ತುಂಡನ್ನು ಕೊರೆದು ತೆಗೆಸುವ ಖರ್ಚೇ ಹೆಚ್ಚಾಯಿತು. ಕೆಳಗೆ ನುಗ್ಗಿ ಕೆಲಸ ಮಾಡುವುದಿದ್ದರೆ ಜಾಕಿನ ಮೇಲೆ ಮಾತ್ರ ನಿಲ್ಲಿಸಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಅಡೆ ಇಡತಕ್ಕದ್ದು.

ಹಳೆಯ ಗ್ಯಾಸ್ಕೆಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಣಗಿದಂತೆಯೇ ಉಜ್ಜದೆ, ಊದದೆ, ನೀರಿನಿಂದ ನೆನೆಸಿ ಮೊಂಡು ಪಟ್ಟಿಯಿಂದ ಎಬ್ಬಿಸಿರಿ. ಚೂರು ಎಂಜಿನಿನೊಳಗೆ ಬೀಳದಂತೆ ತೂತುಗಳಿಗೆ ಬಟ್ಟೆ ತುರುಕಿ, ಕೊನೆಗೆ ಎಣಿಸಿ ತೆಗೆಯಿರಿ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದಾಗ ಅಡಿಯಲ್ಲಿ ಸಂದು ಕಂಡರೆ, ಅದು ಸೊಟ್ಟಗಾಗಿದೆ. ಲೇತ್ ವರ್ಕ್‌ಶಾಪಿನಲ್ಲಿ ಮುಖ ಸಮಮಾಡಿಸದೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಡುತ್ತಲೇ ಇರುತ್ತದೆ.

ಅಂಗಡಿಗೆ ಹೋಗುವಾಗ ಎಂಜಿನಿನ ಮಾದರಿ ಬರೆದುಕೊಂಡು, ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ. ರಟ್ಟು, ಟ್ಯೂಬಿನ ತುಂಡು ಕತ್ತರಿಸಿ ಹಾಕುವ ಜಾಣತನ ಬೇಡ. ನಟ್ಟುಗಳೂ ಹೊಸವಿರಲಿ, ಹಿತ್ತಾಳೆಯವು ಅಥವಾ ತಾಮ್ರದ ಲೇಪದವು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಬಿಗಿಯುವಾಗ ನಡುವಿನಿಂದ ಎರಡೂ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ವಾಹನದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಕೊಡಬೇಕು. ಒಂದು ತುದಿಯನ್ನು ಮೊದಲೇ ಬಿಗಿದರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ. ಟರ್ಬೊ ಇರುವ ಹೊಸ ವಾಹನಗಳನ್ನು ಮಾತ್ರ ಮನೆಯಲ್ಲಿ ಬಿಚ್ಚದೆ ಮೆಕ್ಯಾನಿಕರಿಗೇ ಒಪ್ಪಿಸಿರಿ.

ಈ ಕೆಲಸವನ್ನು ಪತ್ತನಾಜೆಗೆ ಮೊದಲೇ, ಬೋರ್ಡೋ ಸಿಂಪಡಣೆಯ ಗಡಿಬಿಡಿಗೆ ಮುನ್ನ ಮುಗಿಸಿದರೆ ಒಳ್ಳೆಯದು. ಟರ್ಪಾಲು ಇಳಿಯುವುದು ಆಮೇಲೆಯೇ. ಗ್ಯಾಸ್ಕೆಟ್ ಹಾಕಿದ ದಿನ ಸದ್ದು ಕೇಳಿಸದಿದ್ದರೂ, ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಚಾಲೂ ಮಾಡಿ ಕೇಳಿರಿ.